ನಸ್ರುಲ್ಲಾ: ಪುಣೆಯ ಅರಮನೆ ಮತ್ತು ಒಂದು ಹಠಮಾರಿ ಕುದುರೆ

ಪುಣೆಯ ಆಗಾ ಖಾನ್ ಅರಮನೆಯನ್ನು ನೀವು ನೋಡಿರಬಹುದು. 1942ರ ಆಗಸ್ಟ್‌ನಿಂದ 1944ರ ಮೇವರೆಗೆ ಗಾಂಧೀಜಿಯನ್ನು ಬಂಧಿಸಿಟ್ಟಿದ್ದು ಇಲ್ಲೇ. ಮಹಾದೇವ ದೇಸಾಯಿ, ಕಸ್ತೂರಬಾ ತೀರಿಕೊಂಡಿದ್ದೂ ಇಲ್ಲೇ. ಸಮಾಧಿಗಳ ಮುಂದೆ ನಿಂತು ಹೊರಬರುವ ನಾವು, ಅರಮನೆಗೆ ಹೆಸರು ಕೊಟ್ಟವರು ಯಾರು ಅಂತ ಕೇಳೋದು ಕಡಿಮೆ. ಕೇಳಿದರೂ 1906ರ ಶಿಮ್ಲಾ ನಿಯೋಗ, ಮುಸ್ಲಿಂ ಲೀಗ್ ಅಂತ ಎರಡು ಮಾತು ಹೇಳಿ ಪಾಠ ಮುಗಿಸಿಬಿಡ್ತೀವಿ.

ಇಸ್ಮಾಯಿಲಿಗಳ ಇಮಾಮ್ ಆಗಿದ್ದ ಮೂರನೇ ಆಗಾ ಖಾನ್ ಸುಲ್ತಾನ್ ಮಹಮ್ಮದ್ ಶಾ ಇದನ್ನು ಕಟ್ಟಿಸಿದ್ದು 1892ರಲ್ಲಿ. ತಂದೆ 1885ರಲ್ಲಿ ಪುಣೆಯಲ್ಲಿ ನಿಧನರಾದಾಗ ಅವರಿಗೆ ಏಳು ವರ್ಷ. ಇಮಾಮತ್ ಜೊತೆಗೆ ಮನೆತನದ ಕುದುರೆ ಲಾಯವೂ ಆ ಹುಡುಗನ ಪಾಲಿಗೆ ಬಂತು. ಪಶ್ಚಿಮ ಭಾರತದ ರೇಸ್ ಮೈದಾನಗಳಲ್ಲಿ ಶುರುವಾದ ಈ ಪ್ರೀತಿ ಮುಂದೆ ಇಂಗ್ಲೆಂಡ್ ತಲುಪಿತು. 1922ರಲ್ಲಿ ಅಲ್ಲಿ ಒಂದು ವರ್ಷದ ಬೂದುಬಣ್ಣದ ಹೆಣ್ಣುಮರಿಯನ್ನು 9,100 ಗಿನಿಗೆ ಕೊಂಡರು. ಹೆಸರು ಮುಮ್ತಾಜ್ ಮಹಲ್. ಓಡಿದ ಹತ್ತರಲ್ಲಿ ಏಳು ಗೆಲುವು! ಅವಳ ಮಗಳು ಮುಮ್ತಾಜ್ ಬೇಗಂ; ಈ ಬೇಗಂ ಮತ್ತು ಇಟಲಿಯ ಸೋಲಿಲ್ಲದ ನಿಯಾರ್ಕೊಗೆ 1940ರಲ್ಲಿ ಹುಟ್ಟಿದವನೇ ನಸ್ರುಲ್ಲಾ.

ನಸ್ರುಲ್ಲಾ ಅಂದರೆ ಅಲ್ಲಾಹನ ನೆರವು. ಸೂರಾ ನಸ್ರ್ ಓದುವವರಿಗೆ ಗೊತ್ತಿರುವ ಪದ. ಕುದುರೆಗೆ ಈ ಹೆಸರೇ ಅಂತ ನನಗೂ ಅನ್ನಿಸಿದೆ. ಜೂಜು ಹರಾಮ್, ಅದರಲ್ಲಿ ಎರಡು ಮಾತಿಲ್ಲ. ಆದರೆ ಪ್ರವಾದಿಯವರು (ಸ) ಮದೀನಾದಲ್ಲಿ ಕುದುರೆ ಓಟ ನಡೆಸಿದ್ದು ಹದೀಸಿನಲ್ಲೇ ಇದೆ. ತಪ್ಪು ಕುದುರೆಯದ್ದಲ್ಲ.

ಈ ನಸ್ರುಲ್ಲಾ ಮಹಾ ಹಠಮಾರಿ. ಮನಸ್ಸಿದ್ದರೆ ಓಡ್ತಿದ್ದ, ಇಲ್ಲದಿದ್ದರೆ ಕಾಲೂರಿ ನಿಂತುಬಿಡ್ತಿದ್ದ. 1943ರ ಡರ್ಬಿಯಲ್ಲಿ ಮೂರನೆಯವನಾದ. ಎರಡನೆಯ ಸ್ಥಾನ ಆಗಾ ಖಾನರದ್ದೇ ಉಮೀದ್ವಾರ್‌ಗೆ. ಅದೇ ವರ್ಷ ನಸ್ರುಲ್ಲಾ ಚಾಂಪಿಯನ್ ಸ್ಟೇಕ್ಸ್ ಗೆದ್ದ. ಅದೇ ವರ್ಷ ಫೆಬ್ರವರಿ-ಮಾರ್ಚ್‌ನಲ್ಲಿ ಪುಣೆಯ ಅರಮನೆಯೊಳಗೆ ಗಾಂಧೀಜಿ 21 ದಿನ ಉಪವಾಸ ಮಾಡಿದ್ದರು. ಹೊರಗೆ ಸರ್ಕಾರದ ಕಾವಲು. ಅರಮನೆಗೂ ಕುದುರೆಗೂ ಹೆಸರು ತಂದವರು ಆಗ ಸ್ವಿಟ್ಜರ್ಲೆಂಡ್‌ನಲ್ಲಿದ್ದರು.

1944ರಲ್ಲಿ ನಸ್ರುಲ್ಲಾನನ್ನು ಮಾರಿಬಿಟ್ಟರು. ಆಮೇಲೆ ಅವನು ಅಮೆರಿಕ ಸೇರಿದ. ಬ್ರಿಟನ್‌ನಲ್ಲೂ ಅಮೆರಿಕದಲ್ಲೂ, ಮರಿಗಳ ಗೆಲುವಿನ ಲೆಕ್ಕದಲ್ಲಿ ಮೊದಲ ಸ್ಥಾನ ಪಡೆದ ತಳಿಗಂಡಾದ. ಅವನ ಮಗ ಬೋಲ್ಡ್ ರೂಲರ್, ಮೊಮ್ಮಗ ಸೆಕ್ರೆಟೇರಿಯಟ್. 1973ರ ಬೆಲ್ಮಾಂಟ್ ಓಟವನ್ನು ಈ ಮೊಮ್ಮಗ ಗೆದ್ದಿದ್ದು 31 ಕುದುರೆಯಳತೆಗಳ ಅಂತರದಲ್ಲಿ. ಅವತ್ತಿನ ಎರಡು ನಿಮಿಷ 24 ಸೆಕೆಂಡನ್ನು ಆ ಓಟದಲ್ಲಿ ಇನ್ನೂ ಯಾವ ಕುದುರೆಯೂ ಮುರಿದಿಲ್ಲ.