ಬೊಜ್ಜಿನ ನರರೋಗ: ಇಲಿ ಪ್ರಯೋಗಗಳು

ಬೊಜ್ಜಿನ ಜೊತೆ ಬರುವ ಕೊಲೆಸ್ಟ್ರಾಲ್ ಏರುಪೇರು ಹಾಗೂ ಕೈಕಾಲಿನ ನರಹಾನಿಗೆ ಚಿಕಿತ್ಸೆ ಹುಡುಕಲು ಮುಖ್ಯವಾಗಿ ಎರಡು ಬಗೆಯ ಇಲಿಗಳನ್ನು ಬಳಸುತ್ತಾರೆ. ಒಂದು, 1949ರಲ್ಲಿ ಅಮೆರಿಕದ ಜ್ಯಾಕ್ಸನ್ ಪ್ರಯೋಗಾಲಯದಲ್ಲಿ ಕಂಡುಬಂದ ‘ಓಬಿ’ ತಳಿ. ಹಸಿವಿಗೆ ಕಡಿವಾಣ ಹಾಕುವ ಲೆಪ್ಟಿನ್ ಹಾರ್ಮೋನು ಇದರಲ್ಲಿ ತಯಾರಾಗುವುದಿಲ್ಲ. ಲೆಪ್ಟಿನ್ ತಯಾರಿಸುವ ಜೀನನ್ನು ಜೆಫ್ರಿ ಫ್ರೀಡ್‌ಮನ್ ತಂಡ 1994ರಲ್ಲಿ ಗುರುತಿಸಿತು. ಇನ್ನೊಂದು, ಕೊಬ್ಬಿನ ಆಹಾರ ತಿಂದು ದಪ್ಪಗಾದ ಸಾಧಾರಣ ಇಲಿ. ಮನುಷ್ಯರ ಬೊಜ್ಜಿಗೆ ಹೆಚ್ಚು ಹತ್ತಿರವಾದದ್ದು ಇದೇ.

ನರಹಾನಿ ಅಳೆಯಲು, ಬಿಸಿ ತಾಗಿದಾಗ ಇಲಿ ಎಷ್ಟು ಸೆಕೆಂಡಿಗೆ ಪಾದ ಎಳೆದುಕೊಳ್ಳುತ್ತದೆ ಎಂದು ಮೊದಲು ನೋಡುತ್ತಾರೆ. ನರದಲ್ಲಿ ಸಂಕೇತ ಸಾಗುವ ವೇಗ ಅಳೆಯುತ್ತಾರೆ. ಅಂಗಾಲಿನ ಚರ್ಮದ ಚೂರನ್ನು ಸೂಕ್ಷ್ಮದರ್ಶಕದಡಿ ಇಟ್ಟು, ಮೇಲ್ಪದರದಲ್ಲಿ ಉಳಿದಿರುವ ನರತಂತುಗಳನ್ನು ಎಣಿಸುತ್ತಾರೆ. ರಕ್ತದ ಸಕ್ಕರೆ ಪೂರ್ಣ ಮಧುಮೇಹದ ಮಟ್ಟ ಮುಟ್ಟುವ ಮೊದಲೇ ಈ ಹಾನಿ ಕಂಡುಬಂದಿರುವುದು ಗಮನಾರ್ಹ. ಮಾಮೂಲು ಆಹಾರಕ್ಕೆ ಮರಳಿಸಿದ ಇಲಿಗಳಲ್ಲಿ ತೂಕ ಇಳಿದು, ನರದ ವೇಗವೂ ಸುಧಾರಿಸಿದೆ.

ಕೊಲೆಸ್ಟ್ರಾಲ್ ವಿಷಯದಲ್ಲಿ ಮಾತ್ರ ಇಲಿಯನ್ನು ಅಷ್ಟಾಗಿ ನಂಬುವಂತಿಲ್ಲ. ರಕ್ತದಲ್ಲಿ ಕೊಲೆಸ್ಟ್ರಾಲ್ ಹೊತ್ತೊಯ್ಯುವ ಎಚ್‌ಡಿಎಲ್ ಕಣಗಳಿಂದ ಅದನ್ನು ಬೇರೆ ಕಣಗಳಿಗೆ ದಾಟಿಸುವ ಸಿಇಟಿಪಿ ಪ್ರೋಟೀನು ಅದಕ್ಕಿಲ್ಲ. ಹಾಗಾಗಿ ಮನುಷ್ಯರ ರಕ್ತದ ಕೊಲೆಸ್ಟ್ರಾಲಿನ ಬಹುಪಾಲು ‘ಕೆಟ್ಟ’ದೆನ್ನುವ ಎಲ್‌ಡಿಎಲ್‌ನಲ್ಲಿದ್ದರೆ, ಇಲಿಯಲ್ಲಿ ಅದು ‘ಒಳ್ಳೆಯ’ದೆನ್ನುವ ಎಚ್‌ಡಿಎಲ್‌ನಲ್ಲೇ ಇರುತ್ತದೆ.