ಅಭಿಮಾನಿಗಳ ಕೂಟ

ಷಿಕಾಗೋದಲ್ಲಿ ವಿದ್ಯಾರಣ್ಯ ಕನ್ನಡ ಕೂಟ, ಡೆಟ್ರಾಯಿಟ್‌ನಲ್ಲಿ ಪಂಪ ಕನ್ನಡ ಕೂಟ ಏಕೆ ಹುಟ್ಟಿದವೆಂದು ನಮಗೆ ಯಾರೂ ವಿವರಿಸಬೇಕಿಲ್ಲ. ಅರ್ಧ ಮಾತಾಡಿದರೆ ಪೂರ್ತಿ ಅರ್ಥ ಮಾಡಿಕೊಳ್ಳುವ ನಾಲ್ಕು ಜನ ಪರದೇಶದಲ್ಲಿ ಬೇಕು. ಅದೇ ಹಸಿವಿನಿಂದ ಹುಟ್ಟಿದ ಇನ್ನೊಂದು ಬಗೆಯ ಕೂಟ ಈ ಊರುಗಳಲ್ಲಿದೆ: ಅಭಿಮಾನಿಗಳದು.

ಅದರ ಚರಿತ್ರೆ ಅಂತರ್ಜಾಲಕ್ಕಿಂತ ಹಳೆಯದು. 1926ರಲ್ಲಿ ಆರಂಭವಾದ ‘ಅಮೇಜಿಂಗ್ ಸ್ಟೋರೀಸ್’ ಎಂಬ ವಿಜ್ಞಾನ ಕಥೆಗಳ ಪತ್ರಿಕೆ ಓದುಗರ ಪತ್ರಗಳನ್ನು ವಿಳಾಸ ಸಮೇತ ಅಚ್ಚು ಹಾಕುತ್ತಿತ್ತು. ವಿಳಾಸ ಸಿಕ್ಕವರು ಪರಸ್ಪರ ಕಾಗದ ಬರೆದರು, ಸಂಘ ಕಟ್ಟಿದರು. ಅವರ ವಿಶ್ವ ಸಮ್ಮೇಳನ 1940ರಲ್ಲಿ ಷಿಕಾಗೋದಲ್ಲಿ, 1959ರಲ್ಲಿ ಡೆಟ್ರಾಯಿಟ್‌ನಲ್ಲಿ ನಡೆಯಿತು. ಸೇರಿದವರಲ್ಲಿ ಬಹುಪಾಲು ಬಿಳಿಯ ಗಂಡಸರು.

ಅಷ್ಟರಲ್ಲಾಗಲೇ ಫೋರ್ಡ್ ಕಾರ್ಖಾನೆಯ ಕೆಲಸಕ್ಕೆ ಬಂದ ಲೆಬನಾನಿನ ಮುಸ್ಲಿಂ ಕುಟುಂಬಗಳು ಡೆಟ್ರಾಯಿಟ್ ಪಕ್ಕದ ಡಿಯರ್‌ಬಾರ್ನ್‌ನಲ್ಲಿ ನೆಲೆಸಿದ್ದವು. ಮುಂದೆ ಷಿಕಾಗೋ ಹೊರವಲಯದ ಬ್ರಿಜ್‌ವ್ಯೂನಲ್ಲಿ ಮಸೀದಿಯ ಸುತ್ತ ಪ್ಯಾಲೆಸ್ತೀನಿ ಕುಟುಂಬಗಳು ಮನೆ ಮಾಡಿದವು. 2001ರ ಸೆಪ್ಟೆಂಬರ್ ದಾಳಿಯ ನಂತರ ಬೆಳೆದ ಅಲ್ಲಿಯ ಹುಡುಗಿಯರನ್ನು, ಬಡಾವಣೆ ದಾಟಿದರೆ, ಹೆಸರಿಗಿಂತ ಮೊದಲು ತಲೆವಸ್ತ್ರದಿಂದ ಗುರುತಿಸುವವರಿದ್ದರು. ಅಂತರ್ಜಾಲದ ಅಭಿಮಾನಿ ಕೂಟದಲ್ಲಿ ಯಾವ ಹಾಡು ಇಷ್ಟ, ಎಂಥ ಕಥೆ ಬರೆಯುತ್ತೀ ಎಂಬುದೇ ಮೊದಲ ಪರಿಚಯ.

2010ರಲ್ಲಿ ಬ್ರಿಟನ್ನಿನಲ್ಲಿ ‘ಒನ್ ಡೈರೆಕ್ಷನ್’ ಗಾಯಕ ತಂಡ ಹುಟ್ಟಿತು. ಐವರಲ್ಲೊಬ್ಬ ಬ್ರ್ಯಾಡ್‌ಫರ್ಡಿನ ಝೇನ್ ಮಲಿಕ್, ಪಾಕಿಸ್ತಾನಿ ಮೂಲದ ತಂದೆಯ ಮಗ. ಲೋಕವೇ ಮೆಚ್ಚುವ ತಂಡದಲ್ಲಿ ಮನೆಯಲ್ಲಿ ಕೇಳಿಬರುವಂಥ ಒಂದು ಹೆಸರು! ಆದರೆ 2012ರಲ್ಲಿ ನಿಂದೆಗಳಿಂದ ಬೇಸತ್ತು ಅವನೇ ಕೆಲಕಾಲ ಟ್ವಿಟರ್ ಬಿಟ್ಟ. ಆ ಅಂಗಳದಲ್ಲೂ ಮುಳ್ಳಿತ್ತು.

2015ರ ಮಾರ್ಚ್ 25ರಂದು ಅವನು ತಂಡ ತೊರೆದ. ಕೆಲವೇ ದಿನಗಳಲ್ಲಿ ಹಾಸ್ಯ ನಿರೂಪಕ ಬಿಲ್ ಮಾಹರ್ ದೂರದರ್ಶನದಲ್ಲಿ ಅವನ ಚಿತ್ರವನ್ನು ಬಾಸ್ಟನ್ ಮ್ಯಾರಥಾನ್ ಬಾಂಬ್ ಪ್ರಕರಣದ ಆರೋಪಿಯ ಚಿತ್ರದ ಪಕ್ಕದಲ್ಲಿಟ್ಟು ನಗಿಸಿದ. ಝೇನ್‌ಗೆ ಗೌರವ ಕೊಡಿ ಎಂದು ಅಭಿಮಾನಿಗಳು ತಿರುಗಿಬಿದ್ದರು. ಅಂಥ ‘ತಮಾಷೆ’ಯನ್ನು ಶಾಲೆಯಲ್ಲಿ ಒಂಟಿಯಾಗಿ ನುಂಗಿದ್ದ ಹುಡುಗಿಗೆ, ಬೇರೆ ಬೇರೆ ಧರ್ಮದ, ದೇಶದ ಗೆಳತಿಯರು ತನ್ನ ಮಾತನ್ನೇ ಗಟ್ಟಿಯಾಗಿ ಆಡಿದ್ದು ಕೇಳಿಸಿತು. ಆಗಸ್ಟ್‌ನಲ್ಲಿ ಉಳಿದ ನಾಲ್ವರು ಷಿಕಾಗೋದ ಸೋಲ್ಜರ್ ಫೀಲ್ಡ್‌ನಲ್ಲೂ ಡೆಟ್ರಾಯಿಟ್‌ನ ಫೋರ್ಡ್ ಫೀಲ್ಡ್‌ನಲ್ಲೂ ಹಾಡಿದರು.

ಗಾಯಕರ ಹುಚ್ಚೆಂದು ಹಿರಿಯರು ಇದನ್ನು ತಳ್ಳಿಹಾಕುವುದುಂಟು. ಆದರೆ ನಾವು ‘ಅಭಿಮಾನಿ ದೇವರುಗಳೇ’ ಎಂದು ಕೈಮುಗಿದ ರಾಜ್‌ಕುಮಾರರ ನಾಡಿನವರು. ಒಬ್ಬ ಹಾಡುಗಾರನ ನೆಪದಲ್ಲಿ ಜನ ಪರಸ್ಪರ ತಮ್ಮವರಾಗುವುದನ್ನು ಬಲ್ಲೆವು. ವಲಸೆಯ ಚರಿತ್ರೆ ಬರೆಯುವಾಗ ಮಸೀದಿ, ಮಂದಿರ, ಕನ್ನಡ ಕೂಟಗಳ ಸಾಲಿನಲ್ಲಿ ಈ ಹುಡುಗಿಯರ ಕೂಟಕ್ಕೂ ಒಂದು ಪುಟ ಸಲ್ಲಬೇಕು.