ನಮ್ಮ ಜಿಲ್ಲೆ, ನಮ್ಮ ಚರಿತ್ರೆ | ಭಾಗ 14: ಒಡೆಯರಪಾಳ್ಯದ ಹಳದಿ ಪುಸ್ತಕ

ಗುಂಡ್ಲುಪೇಟೆಯಿಂದ ಬಂಡೀಪುರ ದಾಟಿ ಸುಲ್ತಾನ್ ಬತ್ತೇರಿಗೆ ಹೋಗೋಕೆ ನಮಗೆ ಯಾವ ಕಾಗದ ಬೇಕು ಹೇಳಿ? ರಾತ್ರಿ ಗೇಟ್ ಹಾಕೋದ್ರೊಳಗೆ ಹೊರಟರೆ ಸಾಕು. ಆದರೆ ಇದೇ ಚಾಮರಾಜನಗರ ಜಿಲ್ಲೆಯಲ್ಲಿ, ಇಲ್ಲೇ ಹುಟ್ಟಿ, ಇಲ್ಲೇ ಜೋಳ ಬೆಳೆದು, ಕನ್ನಡ ಮಾತಾಡೋ ಜನರಿಗೆ ಹೆಚ್ಚು ದಿನ ಬೇರೆ ಊರಲ್ಲಿ ತಂಗಬೇಕಾದ್ರೂ ಕಚೇರಿಗೆ ತಿಳಿಸಬೇಕಾದ ನಿಯಮ ಇದೆ. ಇವತ್ತಿನ ಕಥೆ ಅವರದ್ದು. (ಫೋಟೋಗಳಿಗೆ ಸ್ವೈಪ್ ಮಾಡಿ.)

📍 ಕೊಳ್ಳೇಗಾಲ ದಾಟಿ ಲೊಕ್ಕನಹಳ್ಳಿ ಮೇಲೆ ಹೋದರೆ ಒಡೆಯರಪಾಳ್ಯ. ನಾವು "ಟಿಬೆಟನ್ ಕ್ಯಾಂಪ್" ಅಂತೀವಿ, ಅವರು ಧೋಂಡೆನ್‌ಲಿಂಗ್ ಅಂತಾರೆ. 1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದ ಮೇಲೆ ಸಾವಿರಾರು ಜನ ಅವರ ಹಿಂದೆ ಬಂದರು. ಮೈಸೂರು ರಾಜ್ಯ ಮೊದಲು ಬೈಲಕುಪ್ಪೆಯಲ್ಲಿ ಜಾಗ ಕೊಟ್ಟಿತು, ಆಮೇಲೆ ಮುಂಡಗೋಡು, ಹುಣಸೂರು. ದೇವರಾಜ ಅರಸು ಮುಖ್ಯಮಂತ್ರಿ ಆಗಿದ್ದ 70ರ ದಶಕದಲ್ಲಿ ಒಡೆಯರಪಾಳ್ಯದ ಸರದಿ ಬಂತು. ಆಗ ಚಾಮರಾಜನಗರ ಜಿಲ್ಲೆಯೇ ಇರಲಿಲ್ಲ, ಎಲ್ಲಾ ಮೈಸೂರು ಜಿಲ್ಲೆ. ನಮ್ಮ ಜಿಲ್ಲೆ ಆಗಿದ್ದು 1997ರಲ್ಲಿ. ಅಂದ್ರೆ ಜಿಲ್ಲೆಗಿಂತ ಕ್ಯಾಂಪ್ ಹಳೇದು ಕಣ್ರೀ!

📄 ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಹಾಗಾಗಿ ಕಾನೂನಿನ ಕಣ್ಣಲ್ಲಿ ಇವರು "ವಿದೇಶಿಯರು". ಕೈಯಲ್ಲಿ ಒಂದು ಆರ್‌ಸಿ, ಅಂದ್ರೆ ನೋಂದಣಿ ಪತ್ರ. ಮೊದಲು ವರ್ಷ ವರ್ಷವೂ ನವೀಕರಿಸಬೇಕಿತ್ತು, ಆಮೇಲೆ ಹೆಚ್ಚಿನವರಿಗೆ 5 ವರ್ಷಕ್ಕೊಮ್ಮೆ ಆಯ್ತು. ವಿದೇಶಕ್ಕೆ ಹೋಗೋಕೆ ಪಾಸ್‌ಪೋರ್ಟ್ ಬದಲು ಐಸಿ ಅನ್ನೋ ಗುರುತಿನ ಪುಸ್ತಕ. ಹಳದಿ ಬಣ್ಣದ್ದು, ಅದಕ್ಕೇ "ಹಳದಿ ಪುಸ್ತಕ" ಅನ್ನೋ ಹೆಸರು. ಪುಸ್ತಕ ಕೈಗೆ ಬಂದರೂ ಮುಗೀಲಿಲ್ಲ. ದೇಶ ಬಿಡೋಕೆ ನಿರ್ಗಮನ ಪರವಾನಗಿ ಬೇಕು, ವಾಪಸ್ ಬರೋಕೆ "ಆಕ್ಷೇಪಣೆ ಇಲ್ಲ" ಅನ್ನೋ ಮುದ್ರೆ ಬೇಕು. ಒಂದು ಕಾಗದ ತಡ ಆದರೆ ಅದರ ಹಿಂದಿನ ವೀಸಾ, ಟಿಕೆಟ್, ಕಾಲೇಜು ಸೀಟು ಎಲ್ಲಾ ತಡ.

✈️ 1990ರಲ್ಲಿ ಅಮೆರಿಕ ತನ್ನ ವಲಸೆ ಕಾಯ್ದೆಯಲ್ಲಿ ಭಾರತ ಮತ್ತು ನೇಪಾಳದಲ್ಲಿದ್ದ ಟಿಬೆಟನ್ನರಿಗೆ 1,000 ಕಾಯಂ ವಾಸದ ವೀಸಾ ತೆಗೆದಿಟ್ಟಿತು. ಲಾಟರಿಯಲ್ಲಿ ಹೆಸರು ಬಂದವರು 1992ರಿಂದ ಹೋದರು. ಆದರೆ ಬಹಳ ಮನೆಗಳಲ್ಲಿ ಹೋಗಿದ್ದು ಒಬ್ಬರೇ. ಹೆಂಡತಿ ಮಕ್ಕಳು ಇಲ್ಲೇ ಕ್ಯಾಂಪ್‌ಗಳಲ್ಲಿ ಉಳಿದು, ಕುಟುಂಬ ವೀಸಾದ ಸರದಿಗೆ ವರ್ಷಗಟ್ಟಲೆ ಕಾದರು. ಹೋದವರು ತಮ್ಮ ಊರಿಗೇ ಬಂದು ತಂಗಬೇಕು ಅಂದ್ರೆ? ಅವರ ಕೈಯಲ್ಲೀಗ ಬೇರೆ ದೇಶದ ಪಾಸ್‌ಪೋರ್ಟ್. ವಿದೇಶಿಯರು ಟಿಬೆಟನ್ ಕ್ಯಾಂಪ್‌ನಲ್ಲಿ ತಂಗೋಕೆ ದೆಹಲಿಯ ಗೃಹ ಸಚಿವಾಲಯದಿಂದ ಪಿಎಪಿ ಅನ್ನೋ ವಿಶೇಷ ಅನುಮತಿ ಬೇಕು. ಅದಕ್ಕೆ ತಿಂಗಳುಗಳ ಮೊದಲೇ ಅರ್ಜಿ ಹಾಕಬೇಕು. ಮನೆಯಲ್ಲಿ ಸಾವಾದರೆ ಅಷ್ಟು ದಿನ ಕಾಯೋಕಾಗುತ್ತಾ, ನೀವೇ ಹೇಳಿ.

⚖️ ಇನ್ನು ಇದರಲ್ಲಿ ದೊಡ್ಡ ತಿರುವು. 1955ರ ಪೌರತ್ವ ಕಾಯ್ದೆ ಪ್ರಕಾರ 26 ಜನವರಿ 1950ರಿಂದ 1 ಜುಲೈ 1987ರ ಒಳಗೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತೀಯರು. ಅಪ್ಪ ಅಮ್ಮ ಯಾವ ದೇಶದವರು ಅನ್ನೋ ಪ್ರಶ್ನೆಯೇ ಇಲ್ಲ. ಆದರೂ ಟಿಬೆಟನ್ನರಿಗೆ ಪಾಸ್‌ಪೋರ್ಟ್ ಸಿಗ್ತಿರಲಿಲ್ಲ. 2010ರಲ್ಲಿ ದೆಹಲಿ ಹೈಕೋರ್ಟ್, ನಮ್‌ಗ್ಯಾಲ್ ದೋಲ್ಕರ್ ಪ್ರಕರಣದಲ್ಲಿ, ಅವರು ಭಾರತೀಯರೇ ಅಂತ ಹೇಳಿತು. 2013ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಕೂಡ ಲಿಂಗ್ ರಿಂಪೋಚೆ ಪ್ರಕರಣದಲ್ಲಿ ಅದನ್ನೇ ಎತ್ತಿ ಹಿಡಿಯಿತು. 2014ರಲ್ಲಿ ಚುನಾವಣಾ ಆಯೋಗ ಇಂಥವರನ್ನು ಮತದಾರರ ಪಟ್ಟಿಗೆ ಸೇರಿಸಿ ಅಂದಿತು.

ಅಷ್ಟಾದರೂ ಎಲ್ಲರಿಗೂ ಪಾಸ್‌ಪೋರ್ಟ್ ಬಾಗಿಲು ತೆರೀಲಿಲ್ಲ. 2016ರಲ್ಲಿ ದೆಹಲಿ ಹೈಕೋರ್ಟ್ ಇನ್ನೊಮ್ಮೆ ಹೇಳಬೇಕಾಯ್ತು. 2017ರಲ್ಲಿ ವಿದೇಶಾಂಗ ಸಚಿವಾಲಯ ಒಪ್ಪಿತು, ಜೊತೆಗೆ ಷರತ್ತುಗಳನ್ನೂ ಹಾಕಿತು: ಆರ್‌ಸಿ, ಹಳದಿ ಪುಸ್ತಕ ರದ್ದು ಮಾಡಿಸಬೇಕು, ಟಿಬೆಟನ್ ಆಡಳಿತದ ಸವಲತ್ತು ಬಿಡಬೇಕು, ಕ್ಯಾಂಪ್‌ನಲ್ಲಿ ವಾಸ ಇರಬಾರದು.

ಇದನ್ನ ಒಡೆಯರಪಾಳ್ಯದ ಒಂದು ಮನೆಗೆ ಹಚ್ಚಿ ನೋಡಿ. ಅಕ್ಕ 1986ರಲ್ಲಿ ಹುಟ್ಟಿದ್ದರೆ ಭಾರತೀಯಳು, ತಮ್ಮ 1988ರಲ್ಲಿ ಹುಟ್ಟಿದ್ದು, ಅಪ್ಪ ಅಮ್ಮ ಇಬ್ಬರೂ ಭಾರತೀಯರಲ್ಲದಿದ್ದರೆ ವಿದೇಶಿ. ಒಂದೇ ತಾಯಿ, ಒಂದೇ ಸೂರು. ಇನ್ನು ಅಕ್ಕ ಪಾಸ್‌ಪೋರ್ಟ್ ಬೇಕು ಅಂದ್ರೆ ಆ ಸೂರನ್ನೇ ಬಿಡಬೇಕು. ಹೊಲ, ವಯಸ್ಸಾದ ಅಪ್ಪ ಅಮ್ಮ, ಗೊಂಪ ಎಲ್ಲಾ ಇರೋದು ಅಲ್ಲೇ. "ಟಿಬೆಟ್‌ಗೆ ವಾಪಸ್ ಹೋಗ್ತೀವಿ" ಅಂತ ಜೀವನಪೂರ್ತಿ ಹೇಳಿದ ಹಿರಿಯರ ಮುಂದೆ ಆರ್‌ಸಿ ರದ್ದು ಮಾಡಿಸೋದು ಬರೀ ಕಚೇರಿ ಕೆಲಸ ಅಲ್ಲ. ಅದಕ್ಕೇ ಅರ್ಹತೆ ಇದ್ದವರೂ ಎಷ್ಟೋ ಜನ ಅರ್ಜಿ ಹಾಕಿಲ್ಲ.

ಹಾಗಾಗಿ ಈ ತಡವನ್ನ ಬರೀ ಗುಮಾಸ್ತರ ಸೋಮಾರಿತನ ಅಂದ್ಕೋಬೇಡಿ. ಸ್ವಲ್ಪ ದಿನಕ್ಕೆ ಅಂತ ಕೊಟ್ಟ ಕಾಗದವನ್ನು ಮೂರು ತಲೆಮಾರು ನವೀಕರಿಸ್ತಾ ಬಂದಿರೋದೇ ಇದರ ಬೇರು. 2025ರಲ್ಲಿ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆ ಬಂದಾಗಲೂ ನೋಂದಾಯಿತ ಟಿಬೆಟನ್ನರಿಗೆ ಪಾಸ್‌ಪೋರ್ಟ್–ವೀಸಾ ನಿಯಮದಿಂದ ವಿನಾಯಿತಿ ಅಂತ ಪ್ರತ್ಯೇಕ ಆದೇಶ ಬೇಕಾಯ್ತು. ವಿನಾಯಿತಿ ಒಳ್ಳೇದೇ. ಆದರೆ ವಿನಾಯಿತಿ ಬೇರೆ, ಹಕ್ಕು ಬೇರೆ.

ಚಳಿಗಾಲದಲ್ಲಿ ನಮ್ಮ ಪೇಟೆಗಳಲ್ಲಿ ಸ್ವೆಟರ್ ಅಂಗಡಿ ಹಾಕ್ತಾರಲ್ಲ, ಚೌಕಾಸಿ ಮಾಡೋವಾಗ ಇದೂ ನೆನಪಿರಲಿ.

💬 ನಿಮ್ಮ ಶಾಲೆಯಲ್ಲಿ ಕ್ಯಾಂಪ್‌ನ ಗೆಳೆಯರಿದ್ರಾ? ಕಾಮೆಂಟ್‌ನಲ್ಲಿ ಬರೀರಿ. ಹೆಸರು ಬೇಡ, ನೆನಪು ಸಾಕು.

#ಚಾಮರಾಜನಗರ #ಗುಂಡ್ಲುಪೇಟೆ #ಕೊಳ್ಳೇಗಾಲ #ಒಡೆಯರಪಾಳ್ಯ #ನಮ್ಮಚರಿತ್ರೆ